ಸಂಬಂಧಿ ಪ್ರಭೇದಗಳ ಹೋಲಿಕೆ: ಒಂದು ಸಣ್ಣ ಲೆಕ್ಕ ಕೈಯಲ್ಲೇ ಮಾಡೋಣ

40 ಪ್ರಭೇದಗಳ ದೇಹದ ತೂಕ, ಮೆದುಳಿನ ತೂಕ ಎರಡನ್ನೂ ಗ್ರಾಫಿಗೆ ಹಾಕಿದಿರಿ. ಗೆರೆ ಚೆನ್ನಾಗಿ ಮೇಲೇರಿತು, ಪಿ-ಮೌಲ್ಯವೂ (ಸಂಬಂಧವೇ ಇಲ್ಲದಿದ್ದರೂ ಇಂಥ ಗೆರೆ ಬರುವ ಸಂಭವ) ತೀರಾ ಚಿಕ್ಕದು. ಅಷ್ಟಕ್ಕೇ ನಂಬಬೇಡಿ. ಆ 40ರಲ್ಲಿ 20 ಒಂದು ಗುಂಪಿನವು, ಉಳಿದ 20 ಇನ್ನೊಂದರವು ಆಗಿದ್ದು, ಗುಂಪುಗಳು ಕವಲೊಡೆದಾಗ ಒಂದೇ ಒಂದು ಸಲ ಎರಡೂ ಗುಣ ಒಟ್ಟಿಗೆ ಬದಲಾಗಿದ್ದರೆ, ನಿಮ್ಮ ಹತ್ತಿರ ಇರುವ ಸಾಕ್ಷಿ ಹೆಚ್ಚುಕಡಿಮೆ ಒಂದೇ, ಅಲ್ವಾ? 1985ರಲ್ಲಿ ವಿಕಾಸ ವಿಜ್ಞಾನಿ ಜೋಸೆಫ್ ಫೆಲ್ಸೆನ್‌ಸ್ಟೈನ್ ಈ ತೊಂದರೆ ತೋರಿಸಿ, ದಾರಿಯನ್ನೂ ಕೊಟ್ಟರು: ಪ್ರಭೇದಗಳನ್ನು ಬಿಡಿ, ಕವಲುಗಳಲ್ಲಿ ಆದ ವ್ಯತ್ಯಾಸಗಳನ್ನು ಹೋಲಿಸಿ. ಇವೇ ಸ್ವತಂತ್ರ ಕಾಂಟ್ರಾಸ್ಟ್‌ಗಳು.

ಮೂರು ಪ್ರಭೇದ ತೆಗೆದುಕೊಳ್ಳಿ. ‘ಅ’ ಮತ್ತು ‘ಆ’ ಹತ್ತಿರದ ನೆಂಟರು, ಒಂದು ಗುಣದ ಬೆಲೆ (ಅಳತೆ) 5 ಮತ್ತು 3, ವಂಶವೃಕ್ಷದಲ್ಲಿ ಅವುಗಳ ಕೊಂಬೆಗಳ ಉದ್ದ, ಅಂದರೆ ಕವಲೊಡೆದ ಮೇಲೆ ಕಳೆದ ಸಮಯ, ತಲಾ 2. ವ್ಯತ್ಯಾಸ 2. ಅದನ್ನು ಕೊಂಬೆಗಳ ಮೊತ್ತದ (4) ವರ್ಗಮೂಲದಿಂದ ಭಾಗಿಸಿದರೆ 1. ಭಾಗಿಸುವುದು ಯಾಕೆ? ಗುಣ ಬ್ರೌನಿಯನ್ ಚಲನೆಯಂತೆ (ಗೊತ್ತುಗುರಿಯಿಲ್ಲದ ಸಣ್ಣಸಣ್ಣ ಹೆಜ್ಜೆಗಳಲ್ಲಿ) ಅಲೆಯುತ್ತದೆ ಅಂದುಕೊಂಡರೆ, ಸಮಯ ಹೆಚ್ಚಾದಷ್ಟೂ ಸುಮ್ನೆ ಆಗುವ ವ್ಯತ್ಯಾಸವೂ ಜಾಸ್ತಿ.

ಈಗ ಅವುಗಳ ಪೂರ್ವಜನಿಗೆ 5 ಮತ್ತು 3ರ ಸರಾಸರಿ 4 ಕೊಡಿ. ಅದರ ಕೊಂಬೆ 3 ಇದ್ದರೆ 4 ಮಾಡಿ, ಯಾಕಂದರೆ ಪೂರ್ವಜನ ಬೆಲೆ 4 ನಾವು ಕಂಡದ್ದಲ್ಲ, ಅಂದಾಜು; ಆ ಅನಿಶ್ಚಿತತೆ (2×2)/(2+2) = 1 ಸೇರಬೇಕು. ಈ ಹೆಜ್ಜೆಯನ್ನು ಬಹಳ ಜನ ಓದದೇ ದಾಟುತ್ತಾರೆ, ಇಡೀ ವಿಧಾನದ ಜೀವ ಇಲ್ಲೇ ಇದೆ. ಮೂರನೆಯ ಪ್ರಭೇದ ಇ: ಬೆಲೆ 8, ಕೊಂಬೆ 5. ವ್ಯತ್ಯಾಸ −4, ಭಾಜಕ 9ರ ವರ್ಗಮೂಲ 3, ಉತ್ತರ −1.33. ಮೂರು ಪ್ರಭೇದಕ್ಕೆ ಎರಡು ಕಾಂಟ್ರಾಸ್ಟ್.

ಅ-ಯಿಂದ ಆ ಕಳೆಯಬೇಕೋ, ಆ-ಯಿಂದ ಅ ಕಳೆಯಬೇಕೋ ಎನ್ನುವುದು ನಮ್ಮ ಇಷ್ಟ. ಎರಡೂ ಗುಣಕ್ಕೆ ಒಂದೇ ದಿಕ್ಕು ಇಟ್ಟರೆ ಸಾಕು. ಚಿಹ್ನೆಗೆ ಅರ್ಥವಿಲ್ಲದ ಕಾರಣ, ಎರಡು ಗುಣಗಳ ಕಾಂಟ್ರಾಸ್ಟ್‌ಗಳಿಗೆ ಹೊಂದಿಸುವ ರಿಗ್ರೆಷನ್ ಗೆರೆ ಸೊನ್ನೆಯ ಮೂಲಕವೇ ಹೋಗಬೇಕು.

ಪಿಜಿಎಲ್‌ಎಸ್ (ವಂಶವೃಕ್ಷದ ನೆಂಟಸ್ತಿಕೆಯನ್ನು ರಿಗ್ರೆಷನ್ ಒಳಗೇ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ) ಬೇರೆ ಲೋಕವೇನಲ್ಲ. ಬ್ರೌನಿಯನ್ ಮಾದರಿಯಲ್ಲಿ ಇಳಿಜಾರು ಎರಡರಲ್ಲೂ ಒಂದೇ ಬರುತ್ತದೆ. ಅದರ ಅನುಕೂಲ ಅಂದರೆ ವಿಜ್ಞಾನಿ ಮಾರ್ಕ್ ಪೇಗಲ್ ಅವರ ಲ್ಯಾಂಬ್ಡಾ ಎಂಬ ಅಳತೆ: 0 ಬಂದರೆ ವಂಶವೃಕ್ಷದ ಪ್ರಭಾವವಿಲ್ಲ, 1 ಬಂದರೆ ಬ್ರೌನಿಯನ್ ಹೇಳಿದಷ್ಟೇ ಇದೆ. ಆದರೆ ದಯವಿಟ್ಟು ಒಂದೊಂದು ಗುಣಕ್ಕೂ ಬೇರೆಬೇರೆ ಲ್ಯಾಂಬ್ಡಾ ನೋಡಿ ವಿಧಾನ ಆರಿಸಬೇಡಿ. ಮುಖ್ಯವಾದದ್ದು ರಿಗ್ರೆಷನ್ ಆದಮೇಲೆ ಉಳಿಯುವ ಶೇಷಗಳಲ್ಲಿ ನೆಂಟಸ್ತಿಕೆಯ ಗುರುತು ಇದೆಯೇ ಎನ್ನುವುದು. ಹಾಗಾಗಿ ಲ್ಯಾಂಬ್ಡಾವನ್ನು ಇಳಿಜಾರಿನ ಜೊತೆಗೇ ಅಂದಾಜು ಮಾಡಿ. ಸಂಖ್ಯಾಶಾಸ್ತ್ರದ ತಂತ್ರಾಂಶ ಆರ್‌ನ (R) ಕೇಪರ್ (caper) ಪ್ಯಾಕೇಜ್ ಇದನ್ನು ಮಾಡಿಕೊಡುತ್ತದೆ.