ಇಂತಿವತಾನ: ಗೂಟವೇ ಹೊರತು ಗಡಿಯಾರವಲ್ಲ

ಪೆರುವಿನ ಬೆಟ್ಟದ ಮೇಲಿರುವ ಇಂಕಾಗಳ ಹಳೆಯ ಊರು ಮಾಚು ಪಿಚು. ಅದರ ತುದಿಯಲ್ಲಿರುವ ‘ಇಂತಿವತಾನ’ ಎಂಬ ಕಲ್ಲಿನ ಚಿತ್ರದ ಕೆಳಗೆ ‘ಇಂಕಾಗಳ ಸೂರ್ಯಗಡಿಯಾರ’ ಎಂಬ ಒಕ್ಕಣೆಯನ್ನು ಈ ವಾರ ಮೂರನೆಯ ಸಲ ಓದಿದೆ. ಸಾಕು.

ಇಂತಿವತಾನ ಇಂಕಾಗಳ ಭಾಷೆಯಾದ ಕೆಚುವಾದ ಮಾತು. ‘ಇಂತಿ’ ಎಂದರೆ ಸೂರ್ಯ (ಕಾಗದದ ಕೊನೆಗೆ ಬರೆಯುವ ನಮ್ಮ ‘ಇಂತಿ’ಗೂ ಇದಕ್ಕೂ ನಂಟಿಲ್ಲ). ‘ವತಾ’ ಎಂದರೆ ಕಟ್ಟು. ಕೊನೆಯ ‘ನ’ ಪ್ರತ್ಯಯ: ನಮ್ಮಲ್ಲಿ ‘ಹಾಸು’ವಿನಿಂದ ಹಾಸಿಗೆ ಆದಂತೆ ಅವರಲ್ಲಿ ಮಲಗು ಎಂಬ ‘ಪುನ್ಯು’ವಿನಿಂದ ಹಾಸಿಗೆ ಎಂಬ ‘ಪುನ್ಯುನ’. ಅಲ್ಲಿಗೆ ಇಂತಿವತಾನ ಎಂದರೆ ಸೂರ್ಯನನ್ನು ಕಟ್ಟುವ ಗೂಟ. ಗೂಟವನ್ನು ಗಂಟೆ ಎಷ್ಟೆಂದು ಯಾರಾದರೂ ಕೇಳುತ್ತಾರೆಯೇ? ‘ವತಾ’ಗೆ ವರ್ಷ ಎಂಬ ಅರ್ಥವೂ ಇದೆ, ಅದನ್ನೇ ಹಿಡಿದು ‘ಪಂಚಾಂಗದ ಕಲ್ಲು’ ಎನ್ನುವವರಿದ್ದಾರೆ. ಆದರೆ ಈ ‘ನ’ ಅಂಟುವುದು ಕ್ರಿಯಾಪದಕ್ಕೆ. ವರ್ಷ ನಾಮಪದ.

ಇಷ್ಟಕ್ಕೂ ಈ ಹೆಸರನ್ನು ಇಂಕಾಗಳೇ ಇಟ್ಟರೆಂದು ನಂಬಲು ಆಧಾರವಿಲ್ಲ. ಬೇರೆಡೆಯ ಇಂಥ ಕಲ್ಲುಗಳಿಗೆ ಅದನ್ನು ಹಬ್ಬಿಸಿದವನು ಸ್ಕ್ವಯರ್ ಎಂಬ ಅಮೆರಿಕನ್ ಪ್ರವಾಸಿ, 1877ರ ತನ್ನ ಪುಸ್ತಕದಲ್ಲಿ. 1911ರಲ್ಲಿ ಮಾಚು ಪಿಚುವಿಗೆ ಬಂದ ಅಮೆರಿಕನ್ ಅನ್ವೇಷಕ ಹೈರಮ್ ಬಿಂಗಮ್ ಇಲ್ಲಿನ ಕಲ್ಲಿಗೂ ಅದನ್ನೇ ಅಂಟಿಸಿದ. ಕಲ್ಲನ್ನು ಎಲ್ಲಿಂದಲೋ ತಂದು ನಿಲ್ಲಿಸಿದ್ದಲ್ಲ, ನೆಲದ ಬಂಡೆಯನ್ನೇ ಕಡೆದದ್ದು. ಮೈಮೇಲೆ ಗಂಟೆಯ ಗೆರೆ ಒಂದೂ ಇಲ್ಲ. 2000ದಲ್ಲಿ ಜಾಹೀರಾತಿನ ಚಿತ್ರೀಕರಣಕ್ಕೆ ತಂದ ಕ್ರೇನ್ ಬಿದ್ದು ಮೂಲೆಯಲ್ಲಿ ಚಕ್ಕೆ ಎದ್ದಿತು, ಆ ಗುರುತು ಮಾತ್ರ ಇದೆ.

ಇನ್ನೊಂದು ಕಥೆ ಇದಕ್ಕಿಂತ ಕೆಟ್ಟದ್ದು: ವಿಷುವದ (ಹಗಲು ರಾತ್ರಿ ಸಮವಾಗುವ ದಿನ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ) ನಡುಹಗಲು ಈ ಕಲ್ಲಿಗೆ ನೆರಳೇ ಬೀಳುವುದಿಲ್ಲವಂತೆ! ವಿಷುವದಂದು ಸೂರ್ಯ ನೆತ್ತಿಗೆ ಬರುವುದು ಭೂಮಧ್ಯರೇಖೆಯ ಮೇಲೆ. ಮಾಚು ಪಿಚು ಇರುವುದು ಅಲ್ಲಿಂದ 13 ಡಿಗ್ರಿ ದಕ್ಷಿಣಕ್ಕೆ. ಬೆಂಗಳೂರು ಹೆಚ್ಚುಕಡಿಮೆ ಅಷ್ಟೇ ಉತ್ತರಕ್ಕಿದೆ, ನಮ್ಮ ಶೂನ್ಯ ನೆರಳಿನ ದಿನ ಮಾರ್ಚ್‌ನಲ್ಲಿ ಬರುತ್ತದೆಯೇ? ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ. ಅಲ್ಲಿ ಫೆಬ್ರವರಿ ನಡುವಿನಲ್ಲಿ, ಮತ್ತೆ ಅಕ್ಟೋಬರ್ ಕೊನೆಗೆ.

ಇಂಕಾಗಳ ಖಗೋಳಜ್ಞಾನ ಬೇಕಿದ್ದವರು ಅದೇ ಊರಿನ ‘ತೊರ್ರೆಯೋನ್’ ನೋಡಲಿ. ಬಾಗಿದ ಗೋಡೆಯ ಆ ಗುಡಿಯೊಳಗೆ ಬಂಡೆಯ ಒಂದು ಅಂಚನ್ನು ನೆಟ್ಟಗೆ ಕಡೆದಿದ್ದಾರೆ. ಜೂನ್ ಅಯನದ ಮುಂಜಾನೆ (ಅಲ್ಲಿ ಅದು ಚಳಿಗಾಲ, ವರ್ಷದ ಅತಿ ಗಿಡ್ಡ ಹಗಲು) ಈಶಾನ್ಯದ ಕಿಟಕಿಯಿಂದ ಬಿದ್ದ ಬಿಸಿಲು ಆ ಅಂಚಿನ ಜಾಡಿನಲ್ಲೇ ಚಾಚಿಕೊಳ್ಳುತ್ತದೆ. ಆದರೆ ಅದನ್ನು ಕೇಳುವವರು ಯಾರು? ಎಲ್ಲರೂ ಗೂಟದ ಮುಂದೆ ಕೈಗಡಿಯಾರ ನೋಡಿಕೊಳ್ಳುತ್ತ ನಿಂತಿರುತ್ತಾರೆ.