ಹೊಸಬರ ಪ್ರಶ್ನೆ, ಹಳಬರ ಸಿಟ್ಟು: ಓಪನ್ ಸೋರ್ಸ್ ಲೋಕದ ನಲವತ್ತು ವರ್ಷ

1991ರ ಜುಲೈ 3ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿಯೊಬ್ಬ ಯೂಸ್‌ನೆಟ್ ಎಂಬ ಚರ್ಚಾ ಜಾಲದಲ್ಲಿ, ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವವರ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ. ಆಪರೇಟಿಂಗ್ ಸಿಸ್ಟಮ್ ಹೇಗಿರಬೇಕು ಅಂತ ಹೇಳುವ ಪಾಸಿಕ್ಸ್ ಎಂಬ ಮಾನದಂಡದ ನಿಯಮಗಳು ಕಂಪ್ಯೂಟರಿನಲ್ಲೇ ಓದುವಂಥ ರೂಪದಲ್ಲಿ ಎಲ್ಲಾದರೂ ಸಿಗುತ್ತವೆಯೇ ಅಂತ. ಅದನ್ನು ಓದಿದ ಆರಿ ಲೆಮ್ಕೆ ಎಂಬವರಿಗೆ ಈ ಹುಡುಗ ಏನೋ ಕಟ್ಟಲು ಹೊರಟಿದ್ದಾನೆ ಅನ್ನಿಸಿತು. ತಾವು ನೋಡಿಕೊಳ್ಳುತ್ತಿದ್ದ, ಕಡತಗಳನ್ನು ಹಂಚುವ ಎಫ್‌ಟಿಪಿ ಸರ್ವರಿನಲ್ಲಿ ಅವನಿಗೊಂದು ಜಾಗ ಮಾಡಿಕೊಟ್ಟರು. ಆ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಆ ಜಾಗಕ್ಕೆ ಲೆಮ್ಕೆ ಇಟ್ಟ ಹೆಸರು ಲಿನಕ್ಸ್. ಅವನು ಕಟ್ಟಿದ ಆಪರೇಟಿಂಗ್ ಸಿಸ್ಟಮ್‌ಗೂ ಅದೇ ಹೆಸರು ನಿಂತಿತು.

ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರಿನ ಲೋಕದಲ್ಲಿ ಹೊಸಬರಿಗೆ ಇಂಥ ಉತ್ತರ ಎಲ್ಲ ಸಲ ಸಿಕ್ಕಿಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡು, ಧೈರ್ಯ ಮಾಡಿ ಕೇಳಿ, ‘ಮೊದಲು ಮ್ಯಾನ್ಯುಯಲ್ ಓದಿ’ ಅನ್ನುವ ಒಂದೇ ಸಾಲಿನ ಉತ್ತರ ಪಡೆದು ಸುಮ್ಮನಾದವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಇದನ್ನು ಕೆಲವರ ಮುಂಗೋಪ ಅಂತ ತಳ್ಳಿಹಾಕುವುದು ಸುಲಭ. ನನಗೆ ಅಷ್ಟೇ ಅನ್ನಿಸುವುದಿಲ್ಲ. ಉತ್ತರ ಹೇಳುವುದೂ ಒಂದು ಕೆಲಸ. ಅದನ್ನು ಈ ಲೋಕ ಬಹಳ ಕಾಲ ಲೆಕ್ಕಕ್ಕೇ ಹಿಡಿಯಲಿಲ್ಲ. ಸಿಟ್ಟು ಹುಟ್ಟಿದ್ದು ಅಲ್ಲಿಂದ.

ಯೂಸ್‌ನೆಟ್ 1980ರ ಹೊತ್ತಿಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಶುರುವಾಯಿತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್, ಎಲ್ಲರೂ ಮುಕ್ತವಾಗಿ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿ ಜನರ ಸಹಾಯ ಕೇಳಿದ್ದೂ ಅಲ್ಲೇ. ಅಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಜನ. ಅಮೆರಿಕದಲ್ಲಿ ಕಾಲೇಜು ವರ್ಷ ತೆರೆಯುವ ಸೆಪ್ಟೆಂಬರಿನಲ್ಲಿ ಪ್ರತಿವರ್ಷ ಹೊಸ ವಿದ್ಯಾರ್ಥಿಗಳ ದಂಡು ಬರುತ್ತಿತ್ತು. ಅವೇ ಪ್ರಶ್ನೆ, ಅವೇ ತಪ್ಪು. ಹಳಬರು ತಿದ್ದುತ್ತಿದ್ದರು, ಒಂದೆರಡು ತಿಂಗಳಲ್ಲಿ ಹೊಸಬರು ಹೊಂದಿಕೊಳ್ಳುತ್ತಿದ್ದರು. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟು ಆಗಾಗ ಹಾಕುವ ರೂಢಿ, ಅಂದರೆ ಇವತ್ತಿನ ಎಫ್‌ಎಕ್ಯು, ಈ ಒತ್ತಡದಲ್ಲೇ ಬೆಳೆಯಿತು.

1994ರಲ್ಲಿ ಅಮೆರಿಕದ ಮನೆಗಳಿಗೆ ಆನ್‌ಲೈನ್ ಸೇವೆ ಕೊಡುತ್ತಿದ್ದ ಎಒಎಲ್ ಕಂಪನಿ ತನ್ನ ಗ್ರಾಹಕರಿಗೆಲ್ಲ ಯೂಸ್‌ನೆಟ್ ತೆರೆಯಿತು. ಆಮೇಲೆ ಹೊಸಬರು ಬರುವುದಕ್ಕೆ ತಿಂಗಳು, ಋತು ಅಂತ ಇರಲಿಲ್ಲ. ಹಿಂದಿನ ವರ್ಷದ, ಅಂದರೆ 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ ಅನ್ನುವ ಮಾತು ಹಳಬರ ಬಾಯಲ್ಲಿ ನಿಂತುಬಿಟ್ಟಿತು. ಕೇಳುವವರು ಹೆಚ್ಚಿದಷ್ಟು ಉತ್ತರ ಹೇಳುವವರು ಹೆಚ್ಚಲಿಲ್ಲ. ‘ಮ್ಯಾನ್ಯುಯಲ್ ಓದು’ ಅನ್ನುವುದಕ್ಕೆ ಒಂದು ಬೈಗುಳವನ್ನೂ ಸೇರಿಸಿದ ಆರ್‌ಟಿಎಫ್‌ಎಂ ಎಂಬ ನಾಲ್ಕಕ್ಷರ ಎಷ್ಟು ಬಳಕೆಯಲ್ಲಿತ್ತೆಂದರೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಎಫ್‌ಎಕ್ಯುಗಳನ್ನೆಲ್ಲ ಕೂಡಿಟ್ಟ ಸರ್ವರಿಗೆ ಅದೇ ಹೆಸರಿತ್ತು.

ಆ ಸಿಟ್ಟಿನ ಕಾರಣ ನನಗೆ ಅರ್ಥವಾಗುತ್ತದೆ. ನಮ್ಮ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತವರೂ ದಿನವಿಡೀ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಾರೆ. ಆದರೆ ಅದು ಅವರ ಕೆಲಸ, ಅದಕ್ಕೆ ಸಂಬಳ ಇದೆ, ಪಾಳಿ ಮುಗಿದರೆ ಇನ್ನೊಬ್ಬರು ಬಂದು ಕೂರುತ್ತಾರೆ. ಮೇಲಿಂಗ್ ಲಿಸ್ಟಿನಲ್ಲಿ, ಅಂದರೆ ಇಮೇಲ್ ಚರ್ಚೆಯ ಗುಂಪಿನಲ್ಲಿ, ಉತ್ತರಿಸುವವರಿಗೆ ಈ ಮೂರೂ ಇಲ್ಲ. ಇನ್ನೊಂದು ಕಡೆ, ಓದಿ ಅಂತ ತೋರಿಸಿದ ಮ್ಯಾನ್ಯುಯಲ್ಲಾದರೂ ಹೇಗಿತ್ತು? ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಮ್ಯಾನ್ಯುಯಲ್, ಅಂದರೆ ಅದರ ಮ್ಯಾನ್ ಪುಟಗಳು, ಗೊತ್ತಿದ್ದವರಿಗೆ ಮತ್ತೆ ನೆನಪಿಸಲು ಬರೆದವು. ಕಮಾಂಡಿನ ಹೆಸರು ಗೊತ್ತಿದ್ದರೆ ಅದರ ಆಯ್ಕೆಗಳೆಲ್ಲ ಅಲ್ಲಿವೆ. ಯಾವ ಕಮಾಂಡ್ ಬೇಕು ಅಂತಲೇ ಗೊತ್ತಿಲ್ಲದವರಿಗೆ ಅಲ್ಲಿ ಬಾಗಿಲು ಸಿಗುವುದೇ ಕಷ್ಟ.

ಅದೇ ಕಾಲದಲ್ಲಿ ನಮ್ಮಲ್ಲಿ ಕತೆ ಸ್ವಲ್ಪ ಬೇರೆ ಇತ್ತು. ಇಂಟರ್ನೆಟ್ ದುಬಾರಿ, ನಿಧಾನ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿ ಹಂಚಲು ಶುರುಮಾಡಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಸಿಡಿ ಹಾಕಿ ಕಂಗಾಲಾದವರಿಗೆ ಊರೂರಿನ ಲಿನಕ್ಸ್ ಬಳಕೆದಾರರ ಗುಂಪುಗಳೇ ಗತಿ. ಸಿಪಿಯು ಹೊತ್ತುಕೊಂಡು ಬಂದವರಿಗೆ ಎದುರಲ್ಲೇ ಕೂತು ಇನ್‌ಸ್ಟಾಲ್ ಮಾಡಿಕೊಡುತ್ತಿದ್ದರು. 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು, ಮುಂದೆ ಫಾಸ್ ಡಾಟ್ ಇನ್ ಅಂತ ಹೆಸರು ಬದಲಿಸಿಕೊಂಡಿತು. ಎದುರಿಗೆ ಕೂತವರಿಗೆ ‘ಹೋಗಿ ಓದು’ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ? ಮುಖ ಕಾಣದ ಕಡೆ ಆ ಸಂಕೋಚ ಕೆಲಸ ಮಾಡುವುದಿಲ್ಲ.

ಪ್ರಶ್ನೆ ಕೇಳುವುದು ಹೇಗೆ ಅಂತ ಕಲಿಸುವ ಎರಡು ಬರಹಗಳು ಈ ಇತಿಹಾಸದಲ್ಲಿ ಮುಖ್ಯ. ಪುಟ್ಟಿ ಎಂಬ ಜನಪ್ರಿಯ ಪ್ರೋಗ್ರಾಂ ಬರೆದ ಸೈಮನ್ ಟ್ಯಾಥಮ್ 1999ರಲ್ಲಿ ಬಗ್ (ಪ್ರೋಗ್ರಾಮಿನ ದೋಷ) ವರದಿ ಮಾಡುವುದು ಹೇಗೆ ಅಂತ ಬರೆದರು. ಅದರ ಧಾಟಿ ನನಗೆ ತುಂಬಾ ಇಷ್ಟ. ‘ಕೆಲಸ ಮಾಡುತ್ತಿಲ್ಲ’ ಅಂದರೆ ಪ್ರೋಗ್ರಾಮರಿಗೆ ಯಾಕೆ ಏನೂ ತಿಳಿಯುವುದಿಲ್ಲ, ನೀವು ಏನು ಮಾಡಿದಿರಿ, ಏನು ಕಂಡಿತು ಅಂತ ಹೇಳಿದರೆ ಅವರಿಗೆ ಹೇಗೆ ದಾರಿ ಸಿಗುತ್ತದೆ ಅಂತ ವಿವರಿಸುತ್ತಾರೆ. ಓದುವವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡ ಹಾಗೆ.

2001ರಲ್ಲಿ ಎರಿಕ್ ರೇಮಂಡ್ ಮತ್ತು ರಿಕ್ ಮೋಯನ್ ಜಾಣ ಪ್ರಶ್ನೆ ಕೇಳುವ ಬಗ್ಗೆ ಬರೆದ ಮಾರ್ಗದರ್ಶಿ ಇನ್ನೂ ಜಾಸ್ತಿ ಹರಡಿತು. ಹಲವು ಭಾಷೆಗಳಿಗೆ ಹೋಯಿತು. ಅದರ ಸಲಹೆಗಳು ಇವತ್ತಿಗೂ ಸರಿ. ಕೇಳುವ ಮೊದಲು ಹುಡುಕಿ. ಶೀರ್ಷಿಕೆಯಲ್ಲೇ ಸಮಸ್ಯೆ ತಿಳಿಯಲಿ. ಆವೃತ್ತಿ ಯಾವುದು ಹೇಳಿ. ಎರರ್ ಸಂದೇಶವನ್ನು ಇದ್ದ ಹಾಗೇ ಕೊಡಿ. ನಡುವಿನ ಒಂದು ಹೆಜ್ಜೆಯನ್ನಲ್ಲ, ಕೊನೆಗೆ ಏನಾಗಬೇಕು ಅನ್ನುವುದನ್ನು ತಿಳಿಸಿ. ಆದರೆ ಅದೇ ಬರಹ ‘ಓದು’ ಅಂದವರು ಬಹುತೇಕ ಸರಿಯಾಗೇ ಹೇಳಿರುತ್ತಾರೆ ಅನ್ನುತ್ತದೆ. ಒರಟಾಗಿ ಕಂಡದ್ದನ್ನು ಒರಟು ಅಂತ ತಿಳಿಯಬೇಡಿ ಅನ್ನುತ್ತದೆ. ಕಲಿಯುವ ಹೊರೆ ಪೂರ್ತಿ ಕೇಳುವವರ ಮೇಲೆ ಬಿತ್ತು. ಬಹಳ ಕಡೆ ಹಳಬರು ಅದನ್ನು ಓದಿಸಲು ಕೊಡುವ ಬದಲು ಮುಖಕ್ಕೆ ಎಸೆಯಲು ಬಳಸಿದರು. ಎಷ್ಟರಮಟ್ಟಿಗೆ ಅಂದರೆ, ನಮ್ಮದು ನಿಮ್ಮ ಪ್ರಾಜೆಕ್ಟಿನ ಹೆಲ್ಪ್ ಡೆಸ್ಕ್ ಅಲ್ಲ ಅಂತ ಲೇಖಕರೇ ಮೇಲೆ ಸೂಚನೆ ಹಾಕಬೇಕಾಯಿತು.

ಆ ಮಾರ್ಗದರ್ಶಿಯಲ್ಲಿ ಭಾಷೆಯ ಬಗ್ಗೆಯೂ ಒಂದು ಮಾತಿದೆ. ವ್ಯಾಕರಣ, ಕಾಗುಣಿತ ಸರಿಯಿರಲಿ; ನಿಮ್ಮದಲ್ಲದ ಭಾಷೆಯಾದರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ ಅಂತ. ಆ ರಿಯಾಯಿತಿ ಬಹಳ ಚಿಕ್ಕದು. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಸೇರಿದವರು ‘ರೆಸ್ಪೆಕ್ಟೆಡ್ ಸರ್’ ಅಂತ ಶುರುಮಾಡಿ, ನಾಲ್ಕು ಸಾಲು ಕ್ಷಮೆ ಕೇಳಿ, ಕೊನೆಗೆ ಪ್ರಶ್ನೆಗೆ ಬರುತ್ತಾರೆ. ನಮ್ಮಲ್ಲಿ ಅದು ಮರ್ಯಾದೆ. ಆ ಕಡೆ ಓದುವವರಿಗೆ ಅದು ತಲೆಬುಡ ಇಲ್ಲದ ಪತ್ರ. ಪ್ರಶ್ನೆಯಲ್ಲಿ ಹುರುಳಿದ್ದರೂ ಅಲ್ಲಿಯವರೆಗೆ ಯಾರೂ ಓದುವುದಿಲ್ಲ. ಒರಟುತನ ಸೋಮಾರಿಗಳನ್ನು ಮಾತ್ರ ದೂರ ಇಡುತ್ತದೆ ಅನ್ನುವ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. ಅದು ಮೊದಲು ದೂರ ಮಾಡುವುದು ಭಾಷೆ ಗಟ್ಟಿಯಿಲ್ಲದವರನ್ನು, ಹಿಂಜರಿಯುವವರನ್ನು.

ಬೇರೆ ದಾರಿ ತೋರಿಸಿದವರೂ ಆಗಲೇ ಇದ್ದರು. 1998ರಲ್ಲಿ ಡೆಬ್ ರಿಚರ್ಡ್‌ಸನ್ ಲಿನಕ್ಸ್ ಬಳಸುವ ಹೆಂಗಸರಿಗಾಗಿ ಲಿನಕ್ಸ್‌ಚಿಕ್ಸ್ ಕಟ್ಟಿದರು. ನಿಯಮ ಎರಡೇ: ಸೌಜನ್ಯದಿಂದ ಇರಿ, ಸಹಾಯ ಮಾಡಿ. 2004ರಲ್ಲಿ ಬಂದ, ಲಿನಕ್ಸಿನದೇ ಒಂದು ರೂಪವಾದ ಉಬುಂಟು ಮೊದಲಿನಿಂದಲೇ ನಡವಳಿಕೆಯ ನಿಯಮಾವಳಿ ಇಟ್ಟುಕೊಂಡಿತು. ಕೇಳಿದವರ ಮನೆಗೆ ಪುಕ್ಕಟೆ ಸಿಡಿ ಕಳಿಸಿತು. ನಮ್ಮ ಊರುಗಳಿಗೂ ಆ ಲಕೋಟೆಗಳು ಬಂದವು. ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ಬಳಗ ಮಾತ್ರ ತಡ ಮಾಡಿತು. 2013ರಲ್ಲಿ ಕರ್ನಲ್ ಡೆವಲಪರ್ ಸಾರಾ ಶಾರ್ಪ್ ಅಲ್ಲಿನ ಬೈಗುಳದ ಭಾಷೆಯನ್ನು ಎಲ್ಲರೆದುರು ಪ್ರಶ್ನಿಸಿದರು. 2018ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸ್ ಕ್ಷಮೆ ಕೇಳಿ ಕೆಲವು ವಾರ ರಜೆ ಹೋದರು, ನಿಯಮಾವಳಿಯೂ ಬಂತು.

2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಶುರುಮಾಡಿದ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣ ಇದಕ್ಕೊಂದು ಪರಿಹಾರ ಅಂತ ಅನೇಕರಿಗೆ ಅನ್ನಿಸಿತ್ತು. ಉತ್ತರ ಹೇಳಿದವರಿಗೆ ಅಂಕ, ಒಳ್ಳೆಯ ಉತ್ತರ ಮೇಲೆ. ಕೊನೆಗೂ ಉತ್ತರ ಹೇಳುವುದಕ್ಕೆ ಬೆಲೆ ಸಿಕ್ಕಿತು. ಕೋಟ್ಯಂತರ ಜನರಿಗೆ ಅದರಿಂದ ಉಪಕಾರವಾಗಿದೆ. ಆದರೆ ಆ ಜಾಗದ ಗುರಿ ಕೇಳಿದ ಮನುಷ್ಯರಿಗೆ ಸಹಾಯ ಮಾಡುವುದಕ್ಕಿಂತ ಉತ್ತರಗಳ ಭಂಡಾರ ಕಟ್ಟುವುದು. ಭಂಡಾರಕ್ಕೆ ಒಂದೇ ಪ್ರಶ್ನೆ ಎರಡು ಸಲ ಬೇಡ. ಹಾಗಾಗಿ ಹೊಸಬರ ಪ್ರಶ್ನೆ ‘ಡೂಪ್ಲಿಕೇಟ್’ ಅಂತ ಮುಚ್ಚಿಹೋಗುತ್ತಿತ್ತು, ಮೈನಸ್ ಅಂಕ ಬೀಳುತ್ತಿತ್ತು. ಹಳೇ ಪ್ರಶ್ನೆಯೇ ತಮ್ಮ ಪ್ರಶ್ನೆ ಅಂತ ಗುರುತಿಸುವಷ್ಟು ತಿಳಿದಿದ್ದರೆ ಅವರು ಕೇಳುತ್ತಲೇ ಇರಲಿಲ್ಲ. 2018ರ ಏಪ್ರಿಲ್‌ನಲ್ಲಿ ಕಂಪನಿಯೇ ತಮ್ಮ ತಾಣ ಹೊಸಬರಿಗೆ ಆದರದ ಜಾಗವಾಗಿಲ್ಲ ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ಮೊದಲ ಸಲ ಕೇಳುವವರ ಹೆಸರಿನ ಜೊತೆ, ಇವರು ಹೊಸಬರು ಅಂತ ತಿಳಿಸುವ ಗುರುತು ಆ ವರ್ಷವೇ ಬಂತು.

ಹಾನಿ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣ ಗಿಟ್‌ಹಬ್ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 18ರಷ್ಟು ಜನ ತಮಗೇ ಕೆಟ್ಟ ಅನುಭವ ಆಗಿದೆ ಅಂದರು. ಶೇ 50ರಷ್ಟು ಜನ ಬೇರೆಯವರಿಗೆ ಆದದ್ದನ್ನು ನೋಡಿದ್ದರು. ಹೀಗೆ ಅನುಭವಿಸಿದ ಅಥವಾ ನೋಡಿದವರಲ್ಲಿ ಶೇ 21ರಷ್ಟು ಜನ ಆ ಪ್ರಾಜೆಕ್ಟಿಗೆ ಕೆಲಸ ಮಾಡುವುದನ್ನೇ ಬಿಟ್ಟಿದ್ದರು. ಬೈಸಿಕೊಂಡವರು ಒಬ್ಬರೇ ಇರಬಹುದು. ಓದುತ್ತಾ ಕೂತವರು ಎಷ್ಟೋ ಜನ. ಅದೇ ಸಮೀಕ್ಷೆಯಲ್ಲಿ ಶೇ 93ರಷ್ಟು ಜನ ಡಾಕ್ಯುಮೆಂಟೇಶನ್, ಅಂದರೆ ಬಳಕೆಯ ವಿವರ, ಅರೆಬರೆ ಅಥವಾ ಹಳತಾಗಿರುವ ತೊಂದರೆಯನ್ನು ತಾವು ಕಂಡಿದ್ದೇವೆ ಅಂದಿದ್ದರು. ಓದಿ ಅಂತ ಹೇಳುತ್ತಿದ್ದದ್ದು ಅದನ್ನೇ.

ಇಷ್ಟರ ಮೇಲೆ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ಮೇಂಟೇನರುಗಳ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯ. ಅವರ ಸಂಕಟದಲ್ಲಿ ಭಾರತದ ಪಾಲೂ ಇದೆ. ಡಿಜಿಟಲ್‌ಓಶನ್ ಕಂಪನಿ ಪ್ರತಿ ಅಕ್ಟೋಬರಿನಲ್ಲಿ ನಡೆಸುವ ಹ್ಯಾಕ್‌ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಉತ್ಸವದಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್ (ನಾನು ಮಾಡಿದ ಬದಲಾವಣೆಯನ್ನು ಪ್ರಾಜೆಕ್ಟಿಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದವರಿಗೆ ಟಿ-ಶರ್ಟ್ ಸಿಗುತ್ತಿತ್ತು. 2020ರಲ್ಲಿ ನಮ್ಮ ದೇಶದ ಯೂಟ್ಯೂಬ್ ವಿಡಿಯೋ ಒಂದು, ಪ್ರಾಜೆಕ್ಟಿನ ಪರಿಚಯ ಬರೆದಿಡುವ ರೀಡ್‌ಮಿ ಕಡತದಲ್ಲಿ ಒಂದೆರಡು ಪದ ಸೇರಿಸಿದರೂ ಸಾಕು ಅಂತ ತೋರಿಸಿತು. ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳು ಸುರಿದವು. ಅಕ್ಟೋಬರ್ 3ಕ್ಕೇ ನಿಯಮ ಬದಲಾಯಿತು. ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ. 2024ರ ಶುರುವಿನಲ್ಲಿ ಇಂಥದ್ದೇ ಮತ್ತೆ ಆಯಿತು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನವನ್ನು ಕಲಿಸುವ ಭಾರತದ ಪಾಠವೊಂದು ಎಕ್ಸ್‌ಪ್ರೆಸ್ ಎಂಬ ಪ್ರಾಜೆಕ್ಟನ್ನು ಉದಾಹರಣೆಗೆ ಬಳಸಿತ್ತು. ನೋಡಿದವರು ತಮ್ಮ ಹೆಸರನ್ನು ಅದರ ರೀಡ್‌ಮಿಗೆ ಸೇರಿಸಿ ಕಳಿಸಿದರು. ಒಬ್ಬರಲ್ಲ, ನೂರಾರು ಜನ. ಪ್ರತಿಯೊಂದೂ ಆ ಪ್ರಾಜೆಕ್ಟನ್ನು ಗಮನಿಸುವ ಎಲ್ಲರಿಗೂ ನೋಟಿಫಿಕೇಶನ್ ಆಗಿ ಹೋಯಿತು.

ಆ ಮಕ್ಕಳನ್ನು ಹೀಯಾಳಿಸಿ ಬಂದ ಮಾತುಗಳು ನನಗೆ ತುಂಬಾ ನೋವು ಕೊಟ್ಟವು. ಕೆಲವು ನೇರ ಜನಾಂಗ ನಿಂದನೆಯೇ. ಅವರು ಮಾಡಿದ್ದು ಪಾಠದಲ್ಲಿ ಹೇಳಿದ್ದನ್ನು. ಪುಲ್ ರಿಕ್ವೆಸ್ಟ್ ಕಳಿಸುವ ಬಟನ್ ಒತ್ತಿದರೆ ಆ ಕಡೆ ನಿಜವಾದ ಒಬ್ಬ ಮನುಷ್ಯ ಕೂತು ಓದಬೇಕಾಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಗಿಟ್ ಕಲಿಸುವವರು ಮೊದಲ ತರಗತಿಯಲ್ಲೇ ಹೇಳಬೇಕಾದ್ದು ಇದು. ಅಭ್ಯಾಸಕ್ಕೆ ಅಂತಲೇ ಮಾಡಿಟ್ಟ ರೆಪಾಸಿಟರಿಗಳು, ಅಂದರೆ ಕೋಡ್ ಇಡುವ ಜಾಗಗಳು, ಇವೆ. ಅಲ್ಲಿ ಎಷ್ಟು ತಪ್ಪು ಮಾಡಿದರೂ ಯಾರಿಗೂ ತೊಂದರೆಯಿಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹೊಸ ಪ್ರಶ್ನೆಗಳು ಆಗಲೇ ಇಳಿಮುಖದಲ್ಲಿದ್ದವು, ಆಮೇಲೆ ಕುಸಿದೇ ಹೋದವು. ಆಶ್ಚರ್ಯ ಇಲ್ಲ. ಯಂತ್ರ ಬೈಯುವುದಿಲ್ಲ. ಹತ್ತು ಸಲ ಕೇಳಿದರೂ ಸಿಡುಕುವುದಿಲ್ಲ. ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುತ್ತದೆ. ಹೊಸಬರಿಗೆ ಇದು ದೊಡ್ಡ ಸಮಾಧಾನ, ಅದನ್ನು ನಾನು ಕಡಿಮೆ ಅನ್ನುವುದಿಲ್ಲ. ಆದರೆ ಅಲ್ಲಿ ಸಿಕ್ಕ ಉತ್ತರ ಮುಂದೆ ಬರುವವರಿಗೆ ಕಾಣುವುದಿಲ್ಲ. ಅದು ತಪ್ಪಾಗಿದ್ದರೆ ತಿದ್ದಲು ಮೂರನೆಯವರು ಅಲ್ಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲೆಲ್ಲ ಪ್ರಶ್ನೆ ಕೇಳಲು ಬಂದವರಲ್ಲಿ ಕೆಲವರು ಅಲ್ಲೇ ಉಳಿದು, ಮುಂದೆ ಬೇರೆಯವರಿಗೆ ಉತ್ತರ ಹೇಳುತ್ತಿದ್ದರು, ಆಮೇಲೆ ಕೋಡ್ ಬರೆಯುತ್ತಿದ್ದರು. ಮೇಂಟೇನರುಗಳು ತಯಾರಾಗುತ್ತಿದ್ದದ್ದು ಹಾಗೆ. ಆ ದಾರಿಯ ಮೊದಲ ಮೆಟ್ಟಿಲೇ ಈಗ ಖಾಲಿಯಾಗುತ್ತಿದೆ.

ಗೂಗಲ್ 2005ರಿಂದ ನಡೆಸುವ ಸಮ್ಮರ್ ಆಫ್ ಕೋಡ್ ಎಂಬ ಕಾರ್ಯಕ್ರಮ ಓಪನ್ ಸೋರ್ಸ್‌ಗೆ ಬರುವ ಹೊಸಬರಿಗೆ ಒಬ್ಬ ಮೆಂಟರ್‌ನ ಜೊತೆ ಕೊಡುತ್ತದೆ, ಸ್ಟೈಪೆಂಡನ್ನೂ ಕೊಡುತ್ತದೆ. ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಕಾರ್ಯಕ್ರಮ ಕೂಡ ಹಾಗೇ. ಸಹಾಯ ಮಾಡುವುದು ಯಾರೋ ಒಬ್ಬರ ಹೊಣೆ ಅಂತ ಗೊತ್ತುಮಾಡಿದ ಕಡೆ ಹೊಸಬರು ನಿಲ್ಲುತ್ತಾರೆ. ಆದರೆ ಅಲ್ಲಿಗೆ ಆಯ್ಕೆಯಾಗುವವರು ಕೆಲವರೇ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ಇಂಥ ಹಣ ಪಡೆದ ಪ್ರಾಜೆಕ್ಟ್‌ಗಳು ಅದರಲ್ಲಿ ಒಂದು ಪಾಲನ್ನು ಉತ್ತರ ಹೇಳುವವರಿಗೆ, ಡಾಕ್ಯುಮೆಂಟೇಶನ್ ಬರೆಯುವವರಿಗೆ ಮೀಸಲಿಡಲಿ ಅಂತ ನನ್ನ ಆಸೆ. ವಾರಕ್ಕೆ ಕೆಲವು ಗಂಟೆ, ಪಾಳಿಯ ಮೇಲೆ, ಹೆಸರು ಹಾಕಿ, ಸಂಬಳ ಕೊಟ್ಟು. ಆ ಪಾಳಿಯಲ್ಲಿ ಕನ್ನಡ ಬಲ್ಲವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು.