ಕೋಲ್ಮನ್ ಊರಿಗೆ ಬರಲಿಲ್ಲ, ರೆಕಾರ್ಡು ಬಂತು

ಐರ್ಲೆಂಡಿನ ಹಳ್ಳಿಗಳಲ್ಲಿ ವಯಲಿನ್‌ಗೆ ಫಿಡಲ್ ಅನ್ನುತ್ತಾರೆ. ನಮ್ಮ ‘ಪಿಟೀಲು’ ಹುಟ್ಟಿದ್ದೂ ಆ ಮಾತಿನಿಂದಲೇ. ಇವತ್ತು ಐರಿಷ್ ಪಿಟೀಲು ಎಲ್ಲೇ ಕೇಳಿ, ಸ್ಲೈಗೋ ಎಂಬ ಒಂದು ಜಿಲ್ಲೆಯ ಬಾನಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಆ ಬಾನಿ ಊರೂರಿಗೆ ಹಬ್ಬಿದ್ದು ಮಾತ್ರ ನ್ಯೂಯಾರ್ಕಿನಿಂದ.

ಮೈಕೆಲ್ ಕೋಲ್ಮನ್ ಹುಟ್ಟಿದ್ದು 1891ರಲ್ಲಿ, ಸ್ಲೈಗೋದ ಕಿಲ್ಲಾವಿಲ್ ಹತ್ತಿರ. ಅಪ್ಪ ಕೊಳಲು ನುಡಿಸುತ್ತಿದ್ದ. ಅಣ್ಣ ಜಿಮ್‌ನದೂ ಪಿಟೀಲೇ. ತಮ್ಮನಿಗಿಂತ ಅಣ್ಣನೇ ಒಂದು ಕೈ ಮೇಲು ಎಂಬ ಮಾತು ಊರಲ್ಲಿತ್ತು. 1914ರಲ್ಲಿ ಮೈಕೆಲ್ ಅಮೆರಿಕದ ಹಡಗು ಹತ್ತಿದ.

ಅಲ್ಲಿನ ರೆಕಾರ್ಡು ಕಂಪನಿಗಳಿಗೆ ಐರಿಷ್ ಕುಣಿತದ ಸಂಗೀತ ಅಂದರೆ ಅಷ್ಟಕ್ಕಷ್ಟೆ. 1916ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟಿದ್ದ ಎಲೆನ್ ಓಬರ್ನ್ ಡಿವಿಟ್ ಎಂಬ ಹೆಂಗಸು ಅಂಥದೊಂದು ರೆಕಾರ್ಡು ತರಲು ಕೊಲಂಬಿಯಾ ಕಂಪನಿಯನ್ನು ಒಪ್ಪಿಸಿದಳು. 500 ಪ್ರತಿ ತಾನೇ ಕೊಳ್ಳುವುದಾಗಿ ಮಾತು ಕೊಟ್ಟಳು. ರೆಕಾರ್ಡು ಖರ್ಚಾಯಿತು. ಊರು ಬಿಟ್ಟು ಬಂದವರಿಗೆ ಊರಿನ ಸದ್ದು ಬೇಕಿತ್ತು, ಅಲ್ವಾ?

1921ರಿಂದ 1936ರವರೆಗೆ ಕೋಲ್ಮನ್ ಸುಮಾರು 80 ರೆಕಾರ್ಡಿಂಗ್‌ಗಳನ್ನು ನುಡಿಸಿಟ್ಟ. ರೆಕಾರ್ಡಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷವಷ್ಟೇ ಜಾಗ. ಅಷ್ಟರಲ್ಲೇ ಎರಡು ಮೂರು ಮಟ್ಟುಗಳನ್ನು ಕೊಂಡಿ ಹಾಕಿದಂತೆ ಜೋಡಿಸುತ್ತಿದ್ದ. ವೇಗ ಜಾಸ್ತಿ, ಆದರೂ ಒಂದು ಸ್ವರವೂ ಕಲಸಿಹೋಗುವುದಿಲ್ಲ. ಪಕ್ಕದ ಪಿಯಾನೋ ಮಾತ್ರ ಎಷ್ಟೋ ಸಲ ತನ್ನ ದಾರಿ ತಾನು ಹಿಡಿದಿರುತ್ತದೆ. ಅದನ್ನು ಸಹಿಸಿಕೊಂಡೇ ಕೇಳಬೇಕು!

ಈ ತಟ್ಟೆಗಳು ಅಂಚೆಯಲ್ಲಿ, ಪೆಟ್ಟಿಗೆಗಳಲ್ಲಿ ಐರ್ಲೆಂಡಿಗೆ ಬಂದವು. ಗ್ರಾಮಫೋನ್ ಇದ್ದ ಮನೆಗೆ ಊರವರೆಲ್ಲ ಬಂದು ಕೂತರು. ಪಿಟೀಲಿನವರು ಸ್ವರಕ್ಕೆ ಸ್ವರ ಕಲಿತರು, ಮಟ್ಟುಗಳ ಜೋಡಣೆಯನ್ನೂ ಬಿಡಲಿಲ್ಲ. 1934ರಲ್ಲಿ ಅವನು ಒಟ್ಟಿಗೆ ನುಡಿಸಿದ ಮೂರು ರೀಲ್‌ಗಳನ್ನು (ಚುರುಕಾದ ಕುಣಿತದ ಮಟ್ಟುಗಳನ್ನು) ಇಂದಿಗೂ ಅದೇ ಸಾಲಿನಲ್ಲಿ ನುಡಿಸುತ್ತಾರೆ. ಇನ್ನಿಬ್ಬರು ಸ್ಲೈಗೋದವರು, ಜೇಮ್ಸ್ ಮಾರಿಸನ್ ಮತ್ತು ಪ್ಯಾಡಿ ಕಿಲ್ಲೋರನ್, ನ್ಯೂಯಾರ್ಕಿನಿಂದಲೇ ಇದಕ್ಕೆ ಇನ್ನಷ್ಟು ಬಲ ತುಂಬಿದರು.

ಲಾಭದ ಜತೆ ನಷ್ಟವೂ ಆಯಿತು. ಕಣಿವೆಗೊಂದು ಬಾನಿ ಇದ್ದ ನಾಡಿನಲ್ಲಿ ತಟ್ಟೆಯ ಬಾನಿಯೇ ‘ಸರಿ’ ಅನ್ನಿಸತೊಡಗಿತು. ಐರ್ಲೆಂಡಿನ ಡೊನೆಗಾಲ್ ಜಿಲ್ಲೆಯಂಥ ಕೆಲವು ಕಡೆ ಹಳೆಯ ಕೈ ಉಳಿಯಿತು. ಉಳಿದೆಡೆ ಎಷ್ಟೋ ಸುಮ್ಮನೆ ಕರಗಿಹೋಯಿತು. ಇದಕ್ಕೆ ಕೋಲ್ಮನ್‌ನನ್ನು ದೂರುವುದು ನ್ಯಾಯವಲ್ಲ. ಅವನು ನುಡಿಸಿದ್ದು ತನ್ನೂರಿನ ಸಂಗೀತವನ್ನೇ.

1945ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲೇ ತೀರಿಕೊಂಡ. ಊರಿಗೆ ಒಮ್ಮೆಯೂ ಮರಳಲಿಲ್ಲ. ಕಿಲ್ಲಾವಿಲ್ ಹತ್ತಿರದ ಗರ್ಟೀನ್‌ನಲ್ಲಿ ಈಗ ಅವನ ಹೆಸರಿನ ಸಂಗೀತ ಕೇಂದ್ರವಿದೆ. ಅಣ್ಣ ಜಿಮ್ ರೆಕಾರ್ಡು ಮಾಡಲೇ ಇಲ್ಲ. ಊರವರ ಮಾತು ನಿಜವೋ ಅಲ್ಲವೋ ನೋಡೋಣವೆಂದರೆ ಕೇಳಲು ಏನೂ ಉಳಿದಿಲ್ಲ.